ಮಾವನವರ ಕೊನೆಯ ಅಭ್ಯರ್ಥಿ

ಮದುವೆಯಾಗಿ ರಾಯಚೂರಿನಿಂದ ಹೈದರಾಬಾದಿಗೆ ಬಂದ ಹೊಸತರಲ್ಲಿ, ನಾನು ಸೇರಿದ್ದು ಮನೆಯನ್ನೋ ಪರೀಕ್ಷಾ ಕೇಂದ್ರವನ್ನೋ ಎಂದು ನನಗೇ ಅನುಮಾನ ಬರುತ್ತಿತ್ತು. ಕೂಕಟ್‌ಪಲ್ಲಿಯ ಮೂರನೆಯ ಮಹಡಿಯ ಆ ಫ್ಲ್ಯಾಟಿಗೆ ವಾರಕ್ಕೆ ಒಬ್ಬರಾದರೂ ಬ್ಯಾಗು ಹಿಡಿದು ಬಂದಿಳಿಯುತ್ತಿದ್ದರು. ಬೀದರಿನ ಯಾರದೋ ಅಳಿಯ, ಕಲಬುರಗಿಯ ಯಾರದೋ ಮಗಳು, ಹೆಸರು ಕೇಳಿದರೂ ಸಂಬಂಧ ಹೊಳೆಯದ ದೂರದ ನೆಂಟರು. ಮರುದಿನ ಎಲ್ಲೋ ಒಂದು ಕಚೇರಿಯಲ್ಲಿ ಅವರ ಇಂಟರ್‌ವ್ಯೂ ಇರುತ್ತಿತ್ತು. ನನ್ನ ಪಾಲಿಗೆ ಅವರಿಗೆ ರೊಟ್ಟಿ ಬಡಿಯುವ ಕೆಲಸ, ಮಾವನವರ ಪಾಲಿಗೆ ಅವರನ್ನು ತಿದ್ದುವ ಕೆಲಸ.

ಮಾವನವರು ಸರ್ಕಾರಿ ಇಲಾಖೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರ ತಂದೆಯ ಕಾಲಕ್ಕೇ ಕುಟುಂಬ ಈ ಊರಿಗೆ ಬಂದಿತ್ತು. ಹೊರಗೆ ತೆಲುಗು, ಉರ್ದು ಎರಡೂ ನೀರು ಕುಡಿದಷ್ಟು ಸಲೀಸು, ಒಳಗೆ ಮಾತ್ರ ಅಪ್ಪಟ ನಮ್ಮ ಕಡೆಯ ಕನ್ನಡ. ನೌಕರಿಯಲ್ಲಿದ್ದಾಗ ಬಹಳ ವರ್ಷ ಆಯ್ಕೆ ಸಮಿತಿಯಲ್ಲಿ ಕೂತಿದ್ದರಂತೆ. ಅದರ ಗುಂಗು ನಿವೃತ್ತಿಯ ನಂತರವೂ ಇಳಿಯಲಿಲ್ಲ. ಅವರ ಪ್ರಕಾರ ಮನುಷ್ಯರಲ್ಲಿ ಇರುವುದು ಎರಡೇ ಜಾತಿ, ಒಳ್ಳೆಯ ಕ್ಯಾಂಡಿಡೇಟು ಮತ್ತು ಕೆಟ್ಟ ಕ್ಯಾಂಡಿಡೇಟು. ತರಕಾರಿ ಗಾಡಿಯವನನ್ನೂ ಅದೇ ತಕ್ಕಡಿಯಲ್ಲಿ ತೂಗುತ್ತಿದ್ದರು. ಮುಖ ನೋಡಿ ಮಾತಾಡುತ್ತಾನೆ, ಒಳ್ಳೆಯ ಕ್ಯಾಂಡಿಡೇಟು ಎನ್ನುತ್ತಿದ್ದರು. ಬದನೆಕಾಯಿ ಹುಳುಕಿದ್ದರೂ ಅವನಲ್ಲೇ ಕೊಳ್ಳುತ್ತಿದ್ದರು.

ಬಂದವರನ್ನು ಹಾಲ್‌ನಲ್ಲಿ ಕುರ್ಚಿಯ ಮೇಲೆ ಕೂಡಿಸಿ, ತಾವು ಎದುರು ಕೂತು ಪ್ರಶ್ನೆ ಹಾಕುವುದು ಅವರ ಪದ್ಧತಿ. ಹೇಗೆ ಒಳಗೆ ಬರಬೇಕು, ಯಾವಾಗ ಕೂಡಬೇಕು, ಕೈ ಎಲ್ಲಿಡಬೇಕು, ಎಲ್ಲವನ್ನೂ ಹೇಳುತ್ತಿದ್ದರು. ಕೊನೆಗೆ ಪ್ರತಿಯೊಬ್ಬರಿಗೂ ಒಂದೇ ಮಂತ್ರ. “ಬೋರ್ಡಿನವರಿಗೆ ಏನ್ ಬೇಕಾಗೈತಿ ಅನ್ನೋದು ತಿಳ್ಕೋ. ಅದನ್ನ ತೋರಸು. ಗೊತ್ತಿಲ್ಲ ಅನ್ನೋ ಮಾತು ಬಾಯಾಗ ಬರಬಾರದು ನೋಡು.” ಅವರ ಕೈಯಲ್ಲಿ ಪಳಗಿದವರು ಎಷ್ಟೋ ಮಂದಿ ಆಯ್ಕೆಯಾದರು. ಆಯ್ಕೆಯಾದ ಸುದ್ದಿ ಬಂದ ದಿನ ಮಾವನವರು ಕೆಳಗಿನ ಅಂಗಡಿಯಿಂದ ಪೇಡೆ ತಂದು ಇಡೀ ಅಪಾರ್ಟ್‌ಮೆಂಟಿಗೆ ಹಂಚುತ್ತಿದ್ದರು. ಆಯ್ಕೆಯಾಗದವರ ಬಗ್ಗೆ ನಮ್ಮ ಮನೆಯಲ್ಲಿ ಮಾತೇ ಬರುತ್ತಿರಲಿಲ್ಲ.

ನನ್ನನ್ನು ನೋಡಲು ರಾಯಚೂರಿಗೆ ಬಂದಾಗಲೂ ಅವರು ಹೆಣ್ಣು ನೋಡಲಿಲ್ಲ, ಇಂಟರ್‌ವ್ಯೂ ಮಾಡಿದರು. ಹೈದರಾಬಾದಿಗೆ ಬಂದು ಏನು ಮಾಡುತ್ತೀ ಎಂದು ಕೇಳಿದರು. ಗೊತ್ತಿಲ್ಲರಿ ಎಂದೆ. ನಮ್ಮ ಅಪ್ಪನ ಮುಖ ಸಪ್ಪಗಾಯಿತು. ಮಾವನವರು ಮಾತ್ರ ನಕ್ಕುಬಿಟ್ಟರು. ಗೊತ್ತಿಲ್ಲ ಎನ್ನುವ ಧೈರ್ಯ ಇದ್ದವಳನ್ನು ಮೊದಲ ಸಲ ನೋಡಿದೆ ಎಂದು ಆಮೇಲೆ ಹೇಳಿದರಂತೆ. ಅತ್ತೆ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಅಪ್ಪ, ಮಗ ಇಬ್ಬರೇ ಇದ್ದ ಮನೆಗೆ ನಾನು ಹೀಗೆ ಆಯ್ಕೆಯಾಗಿ ಬಂದೆ.

ಮಗಳು ಹುಟ್ಟಿದ ಮೇಲೆ ಮಾವನವರ ಕುರ್ಚಿಯ ಮುಂದೆ ಬೇರೆಯವರು ಕೂಡುವುದು ಕಡಿಮೆಯಾಯಿತು. ಅವರ ಸಮಯವೆಲ್ಲ ಮೊಮ್ಮಗಳದಾಯಿತು. ಹೆಗಲ ಮೇಲೆ ಹೊತ್ತು ತಾರಸಿಗೆ ಹೋಗಿ ಮೆಟ್ರೋ ರೈಲು ತೋರಿಸುವುದು, ಬಾಳೆಹಣ್ಣು ಹಿಸುಕಿ ತಿನ್ನಿಸುವುದು ಎಲ್ಲ ಅವರೇ. ಮಗು ಬಹಳ ಚುರುಕು. ಯಾರು ಏನು ಮಾಡಿದರೂ ಹಾಗೇ ಮಾಡಿ ತೋರಿಸುತ್ತಿದ್ದಳು. ಅಜ್ಜ ಕನ್ನಡಕ ಒರೆಸಿಕೊಂಡರೆ ಇವಳೂ ಇಲ್ಲದ ಕನ್ನಡಕ ತೆಗೆದು ಫ್ರಾಕಿನ ಅಂಚಿಗೆ ಒರೆಸುತ್ತಿದ್ದಳು. ನಾವೆಲ್ಲ ನಕ್ಕು ನಕ್ಕು ಸಾಕಾಗುತ್ತಿತ್ತು. ಆ ನಗುವಿನಲ್ಲಿ, ಅವಳು ಒಂದು ಮಾತನ್ನೂ ಆಡುತ್ತಿಲ್ಲ ಎನ್ನುವುದು ಮುಚ್ಚಿಹೋಯಿತು. ಕೆಲವು ಮಕ್ಕಳು ತಡವಾಗಿ ಮಾತಾಡುತ್ತವೆ ಎಂದು ಬಂದವರೆಲ್ಲ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಅವಳ ಬೆನ್ನ ಹಿಂದೆಯೇ ಕುಕ್ಕರಿನ ಮುಚ್ಚಳ ನನ್ನ ಕೈಜಾರಿ ಬಿತ್ತು. ಪಕ್ಕದ ಮನೆಯವರು ಏನಾಯಿತು ಎಂದು ಬಾಗಿಲಿಗೆ ಬಂದರು. ಮಗಳು ತನ್ನ ಆಟಿಕೆಯಿಂದ ತಲೆ ಎತ್ತಲಿಲ್ಲ.

ಆ ವಾರವೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಿದ್ದೆ ಬರಿಸಿ, ತಲೆಗೆ ವೈರು ಹಚ್ಚಿ ಮಾಡುವ ಪರೀಕ್ಷೆಯಲ್ಲಿ ಎರಡೂ ಕಿವಿ ಹೆಚ್ಚುಕಡಿಮೆ ಪೂರ್ತಿ ಕೇಳಿಸುವುದಿಲ್ಲ ಎಂದು ಗೊತ್ತಾಯಿತು. ಕಿವಿಗೆ ಮಷಿನ್ ಹಾಕಿದರು. ಮೊದಲು ಕೆಲವು ತಿಂಗಳು ಇದನ್ನು ಹಾಕಿ ನೋಡಬೇಕು, ಇದರಿಂದ ಪ್ರಯೋಜನವಿಲ್ಲ ಎಂದಾದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು ಎಂದರು. ಕಿವಿಯ ಒಳಗೇ ಯಂತ್ರ ಕೂಡಿಸುವ ಆ ಶಸ್ತ್ರಚಿಕಿತ್ಸೆ ನಮ್ಮ ಕೈಗೆ ನಿಲುಕುವ ಖರ್ಚಿನದಲ್ಲ. ನಾವು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಅದಕ್ಕೊಂದು ಯೋಜನೆ ಇತ್ತು. ಡಾಕ್ಟರುಗಳು ಕೂತು ಮಕ್ಕಳನ್ನು ಆರಿಸುತ್ತಿದ್ದರು. ಆರಿಸಿದ ಮಗುವಿನ ಶಸ್ತ್ರಚಿಕಿತ್ಸೆ, ಆಮೇಲಿನ ಮಾತಿನ ಪಾಠ ಎಲ್ಲ ಯೋಜನೆಯದೇ. ಆದರೆ ವಯಸ್ಸು ಮೀರಿದರೆ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮವಳಿಗೆ ಮೂರು ತುಂಬಿತ್ತು, ಉಳಿದ ಕಾಲ ಹೆಚ್ಚಿರಲಿಲ್ಲ.

ಕಿವಿ ಪರೀಕ್ಷೆ ಮಾಡುತ್ತಿದ್ದವಳು ಒಬ್ಬ ತೆಲುಗು ಹುಡುಗಿ, ಸಮಾಧಾನದ ಸ್ವಭಾವದವಳು. ನಮ್ಮ ಮೂವರನ್ನೂ ಕೂಡಿಸಿ ನಿಧಾನವಾಗಿ ವಿವರಿಸಿದಳು. ಮಷಿನ್ ಹಾಕಿಕೊಂಡು ಕೇಳಿಸಿದರೆ ಶಸ್ತ್ರಚಿಕಿತ್ಸೆ ಬೇಡ. ಹಾಕಿಕೊಂಡರೂ ಕೇಳಿಸದಿದ್ದರೆ ಈ ಯೋಜನೆಗೆ ಮಗು ಸರಿಯಾದ ಅಭ್ಯರ್ಥಿ. ಅಭ್ಯರ್ಥಿ ಎಂದು ಅವಳು ಹೇಳಲಿಲ್ಲ, ಕ್ಯಾಂಡಿಡೇಟ್ ಎಂದೇ ಹೇಳಿದಳು. ಮಾವನವರ ಬೆನ್ನು ತಟ್ಟನೆ ನೆಟ್ಟಗಾದದ್ದು ನಾನು ನೋಡಿದೆ. ಮುಂದಿನ ತಿಂಗಳ ಪರೀಕ್ಷೆಗೆ ಒಂದು ಆಟ ಕಲಿಸಿಕೊಂಡು ಬನ್ನಿ ಎಂದಳು. ಮಗು ಒಂದು ಮರದ ತುಂಡನ್ನು ಕಿವಿಯ ಹತ್ತಿರ ಹಿಡಿದುಕೊಂಡು ಕಾಯಬೇಕು. ಶಬ್ದ ಕೇಳಿಸಿದಾಗ ಡಬ್ಬಿಯೊಳಗೆ ಹಾಕಬೇಕು. ಅಷ್ಟೇ ಆಟ. ಮನೆಯ ಭಾಷೆ ಯಾವುದು ಎಂದೂ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮಾವನವರು, ತೆಲುಗು ಮತ್ತು ಇಂಗ್ಲಿಷ್ ಎಂದುಬಿಟ್ಟರು.

ಹೊರಗೆ ಬಂದ ಮೇಲೆ ಯಾಕೆ ಹಾಗೆ ಹೇಳಿದಿರಿ ಎಂದು ನಮ್ಮ ಮನೆಯವರು ಕೇಳಿದರು. ಬೋರ್ಡಿನ ಭಾಷೆಯಲ್ಲಿ ಉತ್ತರ ಕೊಟ್ಟವನಿಗೆ ಅರ್ಧ ಅಂಕ ಅಲ್ಲೇ ಸಿಕ್ಕಂತೆ ಎಂದರು ಮಾವನವರು. ಹುಡುಗಿ ಹೇಳಿದ್ದರಲ್ಲಿ ಅವರ ತಲೆಗೆ ಹೋದದ್ದು ಎರಡೇ ಮಾತು, ಕ್ಯಾಂಡಿಡೇಟ್ ಮತ್ತು ಪರೀಕ್ಷೆ. ಉಳಿದದ್ದೆಲ್ಲ ಗಾಳಿಗೆ ಹೋಯಿತು. ನಮ್ಮ ಮನೆಯಲ್ಲಿ ಕಿವಿ ಕೇಳಿಸದವಳು ಮಗಳೊಬ್ಬಳೇ ಅಲ್ಲ ಎಂದು ನನಗೆ ಅಂದು ಅನ್ನಿಸಿತು.

ಮರುದಿನದಿಂದಲೇ ತಯಾರಿ ಶುರು. ನಮ್ಮ ಮನೆಯವರಿಗೆ ಸಿಕಂದರಾಬಾದಿನಲ್ಲಿ ರೈಲ್ವೆ ನೌಕರಿ, ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ನಾನು ಅಡುಗೆಮನೆಯಲ್ಲಿ. ಮಾವನವರು ತಮ್ಮ ಕೋಣೆಯಲ್ಲಿ ಮಗುವನ್ನು ಚಾಪೆಯ ಮೇಲೆ ಕೂಡಿಸಿ, ಮುಂದೆ ಸ್ಟೀಲಿನ ಡಬ್ಬಿ ಇಟ್ಟು, ತಾವು ಹಿಂದೆ ಮಂಚದ ಮೇಲೆ ಕೂತು ತಾಟಿಗೆ ಚಮಚದಿಂದ ಹೊಡೆಯುತ್ತಿದ್ದರು. ಮೊದಮೊದಲು ಮಗು ತುಂಡನ್ನು ಬಾಯಿಗಿಟ್ಟುಕೊಳ್ಳುತ್ತಿತ್ತು. ವಾರ ಕಳೆಯುವುದರಲ್ಲಿ ಹೊಡೆದ ಕೂಡಲೇ ಡಬ್ಬಿಯೊಳಗೆ ಹಾಕತೊಡಗಿದಳು. ಹಾಕಿ ತಿರುಗಿ ಅಜ್ಜನನ್ನು ನೋಡುತ್ತಿದ್ದಳು. ಅಜ್ಜ ಶಾಬಾಸ್ ಎಂದು ಚಪ್ಪಾಳೆ ತಟ್ಟುತ್ತಿದ್ದರು. ಅವಳೂ ತಟ್ಟುತ್ತಿದ್ದಳು. ಆ ಚಪ್ಪಾಳೆ ಕೇಳಿ ನಾನು ಒಲೆ ಬಿಟ್ಟು ಓಡಿ ಬರುತ್ತಿದ್ದೆ. ಕೇಳಿಸುತ್ತಿದೆ ಎಂದು ನಂಬಬೇಕೆಂಬ ಆಸೆ ನನಗೂ ಕಡಿಮೆ ಇರಲಿಲ್ಲ. ಯಾವ ತಾಯಿಗೆ ಇರುವುದಿಲ್ಲ?

ಪರೀಕ್ಷೆಯ ದಿನ ಒಳಗೆ ಮಗುವಿನ ಜೊತೆ ಒಬ್ಬರಿಗೆ ಮಾತ್ರ ಅವಕಾಶ. ನನ್ನ ಕೈಯಲ್ಲಿ ಕಲಿತಿದ್ದಾಳೆ, ನಾನೇ ಕೂಡುತ್ತೇನೆ ಎಂದು ಮಾವನವರು ಹೊರಟರು. ನಾನು ಗಾಜಿನ ಆಚೆ ನಿಂತೆ. ಮಗು ಅವರ ತೊಡೆಯ ಮೇಲೆ, ಅವರ ಅಂಗೈ ಅವಳ ಹೊಟ್ಟೆಯ ಮೇಲೆ. ಸ್ಪೀಕರಿನಿಂದ ಬಂದ ಶಬ್ದ ನನಗೂ ಸಣ್ಣಗೆ ಕೇಳಿಸುತ್ತಿತ್ತು. ಶಬ್ದ ಬಂದಾಗಲೆಲ್ಲ ಅವರ ಬೆರಳು ಫ್ರಾಕಿನ ಮೇಲೆ ತುಸು ಬಿಗಿಯಾಗುತ್ತಿದ್ದವು. ತುಂಡು ಡಬ್ಬಿಗೆ ಬೀಳುತ್ತಿತ್ತು. ಬೇಕೆಂದೇ ಒತ್ತಿದರೋ, ಕೈ ತಾನಾಗಿ ಬಿಗಿಯಿತೋ ನನಗೆ ಇವತ್ತಿಗೂ ತಿಳಿಯದು. ಪರೀಕ್ಷೆ ಮಾಡುವ ಹುಡುಗಿ ಮಗುವಿನ ಮುಖ ನೋಡುತ್ತಿದ್ದಳು. ಕೈ ನೋಡಿದವಳು ನಾನೊಬ್ಬಳೇ. ಆ ಹೊತ್ತಿಗೆ ಅದರ ಅರ್ಥ ನನಗೂ ಆಗಲಿಲ್ಲ, ಏನೋ ಸರಿಯಿಲ್ಲ ಎಂದಷ್ಟೇ ಅನ್ನಿಸಿತು.

ಮಷಿನ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಸದ್ಯ ಶಸ್ತ್ರಚಿಕಿತ್ಸೆಗೆ ತೆಗೆದುಕೊಳ್ಳುವುದಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ತಲೆಗೆ ವೈರು ಹಚ್ಚಿ ಮಾಡಿದ ಪರೀಕ್ಷೆ ಬೇರೆ ಹೇಳುತ್ತದೆ, ಇದು ಬೇರೆ ಹೇಳುತ್ತದೆ, ಆದರೂ ಮಗು ಇಷ್ಟು ಚೆನ್ನಾಗಿ ಆಡಿದ ಮೇಲೆ ಕಾದು ನೋಡುವುದೇ ಸರಿ ಎಂದು ಆ ಹುಡುಗಿ ಹುಬ್ಬು ಗಂಟಿಕ್ಕಿಕೊಂಡೇ ಹೇಳಿದಳು. ಮಾವನವರು ದಾರಿಯಲ್ಲೇ ಪೇಡೆ ಕಟ್ಟಿಸಿದರು. ಎಲ್ಲರ ಮನೆಗೂ ಹೋಗಿ, ಮೊಮ್ಮಗಳು ಪಾಸಾದಳು ಎಂದು ಹಂಚಿ ಬಂದರು. ನನಗೂ ಒಂದು ಕೊಟ್ಟರು. ಅದನ್ನು ಹಾಗೇ ಮಗಳ ಕೈಗೆ ಕೊಟ್ಟೆ.

ಪಾಸಾದ ಮೇಲೂ ಆಟ ನಿಲ್ಲಲಿಲ್ಲ, ಇಬ್ಬರಿಗೂ ಅದರ ರುಚಿ ಹತ್ತಿತ್ತು. ಒಂದು ದಿನ ಬೆಳಗಿನಿಂದ ಬಿಡದೆ ಮಳೆ. ಬಾಲ್ಕನಿಯಲ್ಲಿ ಜಾಗವಿಲ್ಲದೆ ಒದ್ದೆ ಸೀರೆಯೊಂದನ್ನು ತಂದು ಮಾವನವರ ಕೋಣೆಯ ಕಬ್ಬಿಣದ ಬೀರುವಿನ ಮೇಲಿನಿಂದ ಇಳಿಬಿಟ್ಟೆ. ಬಟ್ಟೆ ಮಡಚುತ್ತ ಅಲ್ಲೇ ಕೂತೆ. ಮಾವನವರು ತಾಟಿಗೆ ಹೊಡೆದರು. ಮಗು ತುಂಡು ಹಿಡಿದು ಕೂತೇ ಇತ್ತು. ಮತ್ತೆ ಹೊಡೆದರು. ಮಗು ಹಿಂತಿರುಗಿ ಅಜ್ಜನ ಕೈ ನೋಡಿತು, ಆಮೇಲೆ ಹಾಕಿತು. ಇವತ್ತು ಹಟ ಮಾಡುತ್ತಾಳೆ ಎಂದರು ಮಾವನವರು. ಆ ಸೀರೆ ಏನನ್ನು ಮುಚ್ಚಿದೆ ಎಂದು ನನಗೆ ಹೊಳೆಯಿತು. ಎದ್ದು ಸೀರೆ ತೆಗೆದೆ. ಬೀರುವಿನ ಬಾಗಿಲಿಗೆ ಉದ್ದಕ್ಕೂ ಕನ್ನಡಿ ಇತ್ತು. ಕನ್ನಡಿಯಲ್ಲಿ ಮಗು ಕಂಡಳು, ಅವಳ ಹಿಂದೆ ಮಂಚದ ಮೇಲೆ ತಾಟು, ಚಮಚ ಹಿಡಿದ ಅಜ್ಜ ಕಂಡರು. ಅವರು ಹೊಡೆದರು, ಅವಳು ಹಾಕಿದಳು. ತಪ್ಪಲಿಲ್ಲ.

ಇಷ್ಟು ದಿನವೂ ಅವಳು ಕೇಳಿದ್ದಲ್ಲ, ನೋಡಿದ್ದು. ಗಾಜಿನ ಆಚೆ ನಾನು ಕಂಡ ಆ ಬಿಗಿದ ಬೆರಳುಗಳು ಆಗ ನನಗೆ ಅರ್ಥವಾದವು.

ಅಂದು ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಒಳ್ಳೆಯ ಮನುಷ್ಯ, ಹೊರಗೆ ಯಾರಿಗೂ ಹೆದರುವವರಲ್ಲ, ಆದರೆ ಅಪ್ಪನ ಮುಂದೆ ಬಾಯಿಗೆ ಬೀಗ. ಆರು ತಿಂಗಳು ತಾನೆ, ಆಮೇಲೆ ಹೇಗೂ ಮತ್ತೆ ಕರೆಯುತ್ತಾರಲ್ಲ ಎಂದರು. ಆರು ತಿಂಗಳಿಗೆ ಅವಳ ವಯಸ್ಸು ಯೋಜನೆಯ ಗಡಿ ದಾಟಿರುತ್ತದೆ ಎಂದು ನೆನಪಿಸಿದೆ. ಅವರು ಎದ್ದು ಮಗುವಿನ ಪಕ್ಕ ಹೋಗಿ ಮಲಗಿದರು. ಹೆತ್ತವರ ಮುಂದೆ ಮಗನಾಗಿಯೇ ಉಳಿದವರು ಮಕ್ಕಳ ಮುಂದೆ ಅಪ್ಪನಾಗುವುದು ಯಾವಾಗ ಎಂದು ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮಾವನವರ ಕೋಣೆಗೆ ಹೋದೆ.

“ಮಾವಾರ, ಆಕಿಗೆ ಕೇಳಸಂಗಿಲ್ಲರಿ,” ಅಂದೆ. “ಕನ್ನಡ್ಯಾಗ ನಿಮ್ಮ ಕೈ ನೋಡಿ ಹಾಕ್ತಾಳ್ರಿ.”

ಅವರು ಪೇಪರು ಮಡಚಿ ಪಕ್ಕಕ್ಕಿಟ್ಟರು. ನಾನು ಆಸ್ಪತ್ರೆಯಲ್ಲಿ ಕಂಡದ್ದನ್ನೂ ಹೇಳಿದೆ. ಮತ್ತೊಂದು ಸಲ ಪರೀಕ್ಷೆ ಮಾಡಿ ಎಂದು ಕೇಳಲು ಹೋಗುತ್ತೇನೆ ಎಂದೆ. ಅವರ ಮುಖ ಕೆಂಪಾಯಿತು. ಪಾಸಾದ ಹುಡುಗಿಯನ್ನು ಹಿಡಿದುಕೊಂಡು ಹೋಗಿ ಫೇಲು ಮಾಡಿ ಎಂದು ಬೇಡಿಕೊಳ್ಳುವ ತಾಯಿಯನ್ನು ತಾನು ಎಲ್ಲೂ ನೋಡಿಲ್ಲ ಎಂದರು. ಇಷ್ಟು ಸಣ್ಣ ಕೂಸಿನ ತಲೆಗೆ ಕತ್ತಿ ಹಾಕಿಸುತ್ತೀಯಾ ಎಂದರು. ಅದನ್ನು ಹೇಳುವಾಗ ಅವರ ದನಿ ಒಡೆಯಿತು. ಅವರ ಹಟದ ಕೆಳಗೆ ಇಷ್ಟೊಂದು ಹೆದರಿಕೆ ಇದೆ ಎಂದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ.

“ನನ್ನ ಮೊಮ್ಮಗಳಿಗೆ ಕೇಳಸಂಗಿಲ್ಲ ಅಂತ ನೀನ ಸಾಬೀತು ಮಾಡ್ತೀ ಏನವ್ವಾ?”

“ಹೌದ್ರಿ. ಬ್ಯಾರೆ ಯಾರ್ ಮಾಡ್ತಾರ್ರಿ?”

ಅಂದಿನಿಂದ ಅವರು ನನ್ನ ಜೊತೆ ಮಾತು ಬಿಟ್ಟರು. ಊಟಕ್ಕೆ ಕರೆದರೆ ಬಂದು ಕೂಡುತ್ತಿದ್ದರು, ಬಡಿಸಿದ್ದನ್ನು ಉಂಡು ಏಳುತ್ತಿದ್ದರು. ತಾಟು, ಚಮಚ ಮಂಚದ ಕೆಳಗೆ ಸೇರಿದವು. ಮಗು ಮಾತ್ರ ದಿನವೂ ಡಬ್ಬಿ ತಂದು ಅವರ ಕಾಲ ಬಳಿ ಇಟ್ಟು ಕಾಯುತ್ತಿತ್ತು.

ಆ ದಿನಗಳನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಎಲ್ಲರ ತಾಯಂದಿರೂ ಮಕ್ಕಳು ಗೆಲ್ಲಲಿ ಎಂದು ಹರಕೆ ಹೊರುತ್ತಾರೆ. ನಾನು ನನ್ನ ಮಗಳು ಸೋಲಲಿ ಎಂದು ಬೇಡಬೇಕಿತ್ತು. ಅವಳ ಬೆನ್ನ ಹಿಂದೆ ನಿಂತು ಡಬ್ಬಿ ಬಡಿಯುತ್ತಿದ್ದೆ, ಬಾಗಿಲು ಹಾಕುತ್ತಿದ್ದೆ, ಹೆಸರು ಹಿಡಿದು ಕೂಗುತ್ತಿದ್ದೆ. ತಿರುಗದಿದ್ದರೆ ನಾನು ಹೇಳಿದ್ದೇ ನಿಜ ಎಂಬ ಸಮಾಧಾನ, ಆ ಸಮಾಧಾನಕ್ಕೇ ನಾಚಿಕೆ. ಒಮ್ಮೆ ಕೂಗಿದಾಗ ಕಾಕತಾಳೀಯವಾಗಿ ತಿರುಗಿಬಿಟ್ಟಳು. ಅವಳನ್ನು ಎತ್ತಿಕೊಂಡು ಮುದ್ದಿಡುತ್ತಲೇ, ಅಯ್ಯೋ ಇವಳಿಗೆ ನಿಜವಾಗಿಯೂ ಕೇಳಿಸಿದರೆ ನಾನು ಎಂಥ ಪಾಪ ಮಾಡಲು ಹೊರಟಿದ್ದೇನೆ ಎಂದು ಹೆದರಿದೆ. ಮತ್ತೆ ಕೂಗಿದೆ, ಮತ್ತೆ ಮತ್ತೆ ಕೂಗಿದೆ. ಅವಳು ನನ್ನ ಕಿವಿಯ ಓಲೆ ಹಿಡಿದು ಆಡುತ್ತಿದ್ದಳು. ನನ್ನ ದನಿ ಅವಳಿಗೆ ಯಾವ ಲೆಕ್ಕಕ್ಕೂ ಇರಲಿಲ್ಲ.

ಕೊನೆಗೆ ಒಬ್ಬಳೇ ಮಗುವನ್ನು ಎತ್ತಿಕೊಂಡು ಮೆಟ್ರೋ ಹತ್ತಿದೆ. ಆ ಹುಡುಗಿ ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಮಗುವನ್ನು ಅಜ್ಜನ ತೊಡೆಯ ಮೇಲೆ ಕೂಡಿಸಿದ್ದು ತನ್ನದೂ ತಪ್ಪು ಎಂದಳು. ಇನ್ನೊಂದು ಸಲ ನೋಡೋಣ, ಈ ಸಲ ಆರಿಸುವ ಡಾಕ್ಟರೇ ಎದುರಿಗಿರುತ್ತಾರೆ ಎಂದಳು. ಆಮೇಲೆ ಒಂದು ಮಾತು ಸೇರಿಸಿದಳು. ಆರಿಸುವಾಗ ಮಗುವಿನ ಕಿವಿಯನ್ನಷ್ಟೇ ನೋಡುವುದಿಲ್ಲ, ಮನೆಯನ್ನೂ ನೋಡುತ್ತೇವೆ. ಯಂತ್ರ ಕೂಡಿಸಿದ ಮೇಲೆ ವರ್ಷಗಟ್ಟಲೆ ದಿನವಿಡೀ ಮಗುವಿನ ಜೊತೆ ಮಾತಾಡುವವರು ಬೇಕು. ಮನೆಯಲ್ಲಿ ಒಬ್ಬರಿಗೆ ಇದು ಒಪ್ಪಿಗೆಯಿಲ್ಲ ಎಂದರೆ ಡಾಕ್ಟರು ಹಿಂದೆಮುಂದೆ ನೋಡುತ್ತಾರೆ. ಹಾಗಾಗಿ ಅಜ್ಜನವರು ಬರಲೇಬೇಕು. ನಾನು ಹೂಂ ಎಂದೆ. ಏಳುವ ಮೊದಲು, ನಮ್ಮ ಮನೆಯ ಭಾಷೆ ಕನ್ನಡ ಎಂದು ಹೇಳಿದೆ. ಅದಕ್ಕೇನಂತೆ, ನಿಮಗೆ ನಗು, ಸಿಟ್ಟು ಬರುವ ಭಾಷೆಯಲ್ಲೇ ಮಾತಾಡಿ ಎಂದಳು. ಇಷ್ಟು ಸಣ್ಣ ಮಾತಿಗೆ ನನಗೆ ಅಳು ಬಂದುಬಿಟ್ಟಿತು.

ಮಾವನವರಿಗೆ ಹೇಳುವ ಕೆಲಸವನ್ನು ಈ ಸಲ ನಮ್ಮ ಮನೆಯವರೇ ಮಾಡಿದರು. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ಒಳಗಿನಿಂದ ಪೇಪರಿನ ಹಾಳೆ ತಿರುಗಿಸುವ ಸದ್ದಷ್ಟೇ ಬಂತು. ಅವರು ಬರುವುದಿಲ್ಲ ಎಂದೇ ನಾವು ತಿಳಿದೆವು. ಪರೀಕ್ಷೆಯ ದಿನ ಬೆಳಗ್ಗೆ ಮಗುವಿಗೆ ತಲೆ ಬಾಚಿ ಹೊರಗೆ ಬಂದು ನೋಡಿದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೂಟಿಗೆ ಪಾಲಿಶ್ ಮಾಡಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. “ಬೋರ್ಡಿನ ಮುಂದ ತಡಾ ಆಗಬಾರದು,” ಎಂದರು. ನನ್ನ ಕಡೆ ನೋಡಿ ಹೇಳಲಿಲ್ಲ, ಆದರೂ ಬಹಳ ದಿನಗಳ ನಂತರ ನನಗೆ ಹೇಳಿದ ಮೊದಲ ಮಾತು ಅದು. ಅಲ್ಲಿ ಹೋಗಿ ಏನು ಹೇಳುತ್ತಾರೋ ಎಂಬ ಭಯ ಮಾತ್ರ ಹೋಗಲಿಲ್ಲ. ಜೀವಮಾನವಿಡೀ ಒಂದೇ ಮಂತ್ರ ಹೇಳಿಕೊಟ್ಟವರು. ಅವರು ಎದ್ದು ನಿಂತು, ಮನೆಯಲ್ಲಿ ಕರೆದರೆ ತಿರುಗುತ್ತಾಳೆ ಎಂದುಬಿಟ್ಟರೆ ನನ್ನ ಮಾತಿಗೆ ಬೆಲೆ ಏನು? ಮೆಟ್ರೋದಲ್ಲಿ ಮಗು ಅವರ ಕನ್ನಡಕ ಎಳೆಯುತ್ತಿತ್ತು. ಅವರು ಅದನ್ನು ತಡೆಯಲಿಲ್ಲ.

ಈ ಸಲ ಮಗುವನ್ನು ಸಣ್ಣ ಕುರ್ಚಿಯಲ್ಲಿ ಒಬ್ಬಳನ್ನೇ ಕೂಡಿಸಿದರು. ಮುಂದೆ ಡಬ್ಬಿ, ಕೈಯಲ್ಲಿ ಹಳದಿ ಮರದ ತುಂಡು. ನಾವೆಲ್ಲ ಹಿಂದಿನ ಗೋಡೆಗೆ ಒತ್ತಿ ಕೂತೆವು. ಹಿರಿಯ ಡಾಕ್ಟರು ಒಂದು ಬದಿಗೆ, ಪರೀಕ್ಷೆಯ ಹುಡುಗಿ ಯಂತ್ರದ ಬಳಿ. ಕೋಣೆಯಲ್ಲಿ ಕನ್ನಡಿ ಇರಲಿಲ್ಲ. ಮಗು ತುಂಡನ್ನು ಕಿವಿಯ ಹತ್ತಿರ ಹಿಡಿದು ನೆಟ್ಟಗೆ ಕೂತಳು. ಅಜ್ಜ ಕಲಿಸಿದ ಹಾಗೆಯೇ, ಬೆನ್ನು ಬಾಗದಂತೆ.

ಮೊದಲ ಶಬ್ದ ಬಂತು. ಅವಳು ಕದಲಲಿಲ್ಲ. ಎರಡನೆಯದು ಜೋರಾಗಿತ್ತು. ಅವಳು ಕಾಯುತ್ತಲೇ ಇದ್ದಳು. ಆಮೇಲಿನದು ನನ್ನ ಎದೆ ಝಲ್ಲೆನ್ನುವಷ್ಟು ಜೋರು. ಪಕ್ಕದಲ್ಲಿ ಮಾವನವರ ಮೈ ಕುರ್ಚಿಯಲ್ಲೇ ಜಿಗಿಯಿತು. ಮಗು ಆ ಹುಡುಗಿಯ ಮುಖ ನೋಡುತ್ತ ಮರ್ಯಾದೆಯಿಂದ ಕೂತಿದ್ದಳು. ಮತ್ತೆ ಶಬ್ದ, ಮತ್ತೆ ಮತ್ತೆ. ಆಮೇಲೆ ಶಬ್ದ ನಿಂತಿತು. ಕೋಣೆಯಲ್ಲಿ ಏನೂ ಸದ್ದಿಲ್ಲದ ಹೊತ್ತಿನಲ್ಲಿ, ಇಷ್ಟು ಕಾದದ್ದು ಸಾಕೆಂದುಕೊಂಡಳೋ ಏನೋ, ತುಂಡನ್ನು ತಾನೇ ಡಬ್ಬಿಯೊಳಗೆ ಹಾಕಿದಳು. ಹಾಕಿ, ಹಿಂದಕ್ಕೆ ತಿರುಗಿ, ಅಜ್ಜನನ್ನು ಹುಡುಕಿ ನಕ್ಕಳು. ಎರಡೂ ಕೈ ಎತ್ತಿ ಚಪ್ಪಾಳೆಗೆ ಕಾದಳು.

ಮಾವನವರ ಕೈ ಮೇಲೇಳಲಿಲ್ಲ. ಅವರ ಮುಖ ನೋಡಿದೆ. ಆ ಕ್ಷಣದವರೆಗೂ ಅವರು ನನ್ನ ಮಾತನ್ನು ನಂಬಿಯೇ ಇರಲಿಲ್ಲ ಎಂದು ನನಗೆ ತಿಳಿಯಿತು. ಬೇಕೆಂದೇ ಮೋಸ ಮಾಡಿದರೆಂದು ಇಷ್ಟು ದಿನ ಒಳಗೊಳಗೇ ಅವರನ್ನು ಬೈದುಕೊಂಡಿದ್ದೆ. ಆ ಮುಖ ನೋಡಿದ ಮೇಲೆ ಬೈಯುವ ಶಕ್ತಿ ಹೋಯಿತು.

ಹಿರಿಯ ಡಾಕ್ಟರು ಅವರ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು. ಮನೆಯಲ್ಲಿ ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರು ನೀವೇ ಅಂತೆ, ಹಿಂದಿನ ಸಲ ಒಳಗೆ ಕೂತವರೂ ನೀವೇ, ನೀವು ಕರೆದರೆ ಅವಳು ತಿರುಗುತ್ತಾಳೆಯೇ?

ಮಾವನವರು ಎದ್ದು ನಿಂತರು. ಡಾಕ್ಟರು ಕೂತೇ ಹೇಳಿ ಎಂದರೂ ಕೂಡಲಿಲ್ಲ. ಅಂಗಿಯ ತೋಳು ಸರಿಮಾಡಿಕೊಂಡರು. ತೆಲುಗಿನಲ್ಲೇ ಜೀವನ ಕಳೆದವರು, ಆ ಭಾಷೆಯಲ್ಲಿ ಎಷ್ಟೋ ಜನರನ್ನು ಪ್ರಶ್ನೆ ಕೇಳಿ ಬೆವರಿಳಿಸಿದವರು. ಬಾಯಿ ತೆರೆದರು. ಬಂದದ್ದು ಕನ್ನಡ.

“ಇಲ್ಲರಿ. ಆಕಿಗೆ ಏನೂ ಕೇಳಸಂಗಿಲ್ಲರಿ. ನಾ ಹೊಡದಿದ್ದು ಒಂದ ಪೆಟ್ಟೂ ಆಕಿ ಕೇಳಿಲ್ಲ. ನನ್ನ ಖುಷಿ ಸಲುವಾಗಿ ಹಾಕ್ಯಾಳರಿ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಏನು ಹೇಳಿದರು ಎಂದು ನನ್ನ ಮುಖ ನೋಡಿದರು. ನನ್ನ ಮಗಳಿಗೆ ಏನೂ ಕೇಳಿಸುವುದಿಲ್ಲ ಎಂದು ತೆಲುಗಿನಲ್ಲಿ ನಾನೇ ಹೇಳಬೇಕಾಯಿತು. ಹೇಳಿದೆ. ಕೊನೆಯ ಮಾತನ್ನು ಮಾತ್ರ ತೆಲುಗಿಗೆ ತಿರುಗಿಸಲಿಲ್ಲ. ಅದು ಬೋರ್ಡಿಗೆ ಸೇರಿದ ಮಾತಾಗಿರಲಿಲ್ಲ.

ಮಗಳನ್ನು ಯೋಜನೆಗೆ ತೆಗೆದುಕೊಂಡರು. ಶಸ್ತ್ರಚಿಕಿತ್ಸೆಗೆ ಮೊದಲು ಇನ್ನೂ ಏನೇನೋ ಪರೀಕ್ಷೆಗಳಿವೆ ಎಂದರು, ಆಗಬಹುದಾದ ತೊಂದರೆಗಳನ್ನೂ ಒಂದೊಂದಾಗಿ ಹೇಳಿದರು. ಕೇಳುತ್ತ ಹೋದಂತೆ ಮಗುವನ್ನು ತೊಡೆಯ ಮೇಲೆ ಎತ್ತಿಕೊಂಡೆ. ಇದಕ್ಕಾಗಿಯೇ ಅಲ್ಲವೇ ಇಷ್ಟು ಹೋರಾಡಿದ್ದು ಎಂದು ನನ್ನನ್ನೇ ಕೇಳಿಕೊಂಡೆ. ಗೆದ್ದೆ ಎನ್ನುವ ಭಾವನೆ ಒಂದಿಷ್ಟೂ ಇರಲಿಲ್ಲ. ಮನೆಗೆ ಬರುವಾಗ ಪೇಡೆಯ ಅಂಗಡಿ ದಾಟಿದೆವು. ಮಾವನವರು ಅತ್ತ ತಿರುಗಿ ನೋಡಲಿಲ್ಲ. ಮೆಟ್ಟಿಲಲ್ಲಿ ಸಿಕ್ಕ ಪಕ್ಕದ ಮನೆಯವರು ಎಲ್ಲಿಗೆ ಹೋಗಿದ್ದಿರಿ ಎಂದರೆ, ಮೊಮ್ಮಗಳು ಸೆಲೆಕ್ಟ್ ಆದಳು ಎಂದಷ್ಟೇ ಹೇಳಿ ಮೇಲೆ ಹತ್ತಿದರು.

ಮಗು ಚಪ್ಪಲಿ ಬಿಚ್ಚುವ ಮೊದಲೇ ಡಬ್ಬಿ ತಂದಳು. ತನ್ನ ಜಾಗದಲ್ಲಿ, ಮಂಚಕ್ಕೆ ಬೆನ್ನು ಮಾಡಿ, ಬೀರುವಿನ ಕಡೆ ಮುಖ ಮಾಡಿ ಕೂತಳು. ತುಂಡನ್ನು ಕಿವಿಯ ಬಳಿ ಹಿಡಿದು ಕನ್ನಡಿಯಲ್ಲಿ ಅಜ್ಜನನ್ನು ಕಾದಳು. ಆಸ್ಪತ್ರೆಯಲ್ಲಿ ಸಿಗದ ಚಪ್ಪಾಳೆ ಅವಳಿಗೆ ಬಾಕಿ ಇತ್ತು. ನಾನು ಬಾಗಿಲಲ್ಲಿ ನಿಂತಿದ್ದೆ, ಎತ್ತಿಕೊಂಡು ಹೋಗೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ. ಮಾವನವರು ಬೇಡ ಎಂದು ಕೈ ಮಾಡಿದರು. ಬಗ್ಗಿ ಮಂಚದ ಕೆಳಗಿನಿಂದ ತಾಟು, ಚಮಚ ತೆಗೆದುಕೊಂಡರು. ಮಂಚದ ಮೇಲೆ ಕೂಡಲಿಲ್ಲ. ಮಗುವನ್ನು ಸುತ್ತಿ ಬಂದು, ಕನ್ನಡಿಗೆ ಬೆನ್ನು ಕೊಟ್ಟು, ನೋಯುವ ಮಂಡಿ ಮಡಚಿ ಅವಳ ಎದುರಿಗೇ ನೆಲದ ಮೇಲೆ ಕೂತರು. ತಾಟನ್ನು ಅವಳಿಗೆ ಚೆನ್ನಾಗಿ ಕಾಣುವ ಹಾಗೆ ಹಿಡಿದು ಹೊಡೆದರು.

ಅವಳು ತುಂಡನ್ನು ಡಬ್ಬಿಗೆ ಹಾಕಿದಳು. ಅವರು ಚಪ್ಪಾಳೆ ತಟ್ಟಿದರು.